ದಿವಂಗತ ಬೆನಗಲ್ ನರಸಿಂಗರಾಯರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ತೋಟವುಳ್ಳ ಮನೆಗಳಲ್ಲೆಲ್ಲ ಕಾಗದಪತ್ರಗಳ ಒಂದು ಪೆಟ್ಟಿಗೆಯಿರುತ್ತದೆ. ಅದರೊಳಗಿನ ಹಳೆಯ ಖರೀದಿಪತ್ರವನ್ನು ಬಿಚ್ಚಿ ನೋಡಿದರೆ, ಬರೆಯಿಸಿಕೊಟ್ಟವರ ಮತ್ತು ಬರೆಯಿಸಿಕೊಂಡವರ ಹೆಸರುಗಳು ಮೊದಲಿಗೂ, ಸಾಕ್ಷಿದಾರರ ರುಜುಗಳು ಕೆಳಗೂ, ಎಲ್ಲಕ್ಕಿಂತ ಕೊನೆಗೆ ಒಂದು ಮೂಲೆಯಲ್ಲಿ ಪತ್ರ ಬರೆದವನ ಹೆಸರೂ ಕಾಣುತ್ತವೆ. ತೋಟವು ಬರೆದವನದಲ್ಲ, ಹಣವೂ ಅವನದಲ್ಲ, ಒಪ್ಪಂದವೂ ಅವನದಲ್ಲ. ಆದರೆ ಚತುಸ್ಸೀಮೆಯನ್ನು ಬರೆಯುವಾಗ ಅವನ ಲೇಖನಿಯು ತಪ್ಪಿದರೆ ಮೂರು ತಲೆಮಾರಿನವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಸ್ವತಂತ್ರ ಭಾರತವು ತನ್ನ ರಾಜ್ಯಘಟನೆಯೆಂಬ ಮಹಾಪತ್ರವನ್ನು ರಚಿಸಿಕೊಳ್ಳುವಾಗ ಅದರ ಮೊದಲನೆಯ ಕರಡಿಗೆ ಕುಳಿತ ಬರಹಗಾರರು ನಮ್ಮ ಕನ್ನಡ ಕರಾವಳಿಯವರೇ ಆದ ಬೆನಗಲ್ ನರಸಿಂಗರಾಯರು. ಅನಂತರ ಅವರು ಸಂಯುಕ್ತ ರಾಷ್ಟ್ರಸಂಘದಲ್ಲಿ ಭಾರತದ ಪ್ರತಿನಿಧಿಗಳಾದರು. ಜಗತ್ತಿನ ಅತ್ಯುಚ್ಚ ನ್ಯಾಯಪೀಠದಲ್ಲಿ ನ್ಯಾಯಾಧೀಶರಾದರು. ಆದರೂ ಅವರ ಹೆಸರು ನಮ್ಮಲ್ಲಿ ಖರೀದಿಪತ್ರದ ಬರಹಗಾರನ ಹೆಸರಿನಂತೆ ಮೂಲೆಯಲ್ಲಿಯೇ ಉಳಿದಿದೆ.

ಈ ಹೆಸರನ್ನೆತ್ತಿದಾಗ ನಮ್ಮ ಸೀಮೆಯಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ದೇಶಕ್ಕಾಗಿ ತೋಟ, ಗದ್ದೆ, ದನಕರುಗಳನ್ನು ಕಳೆದುಕೊಂಡವರ ನಾಡು ಇದು. ಅವರು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಅದೇ ಆಂಗ್ಲ ಸರಕಾರದ ಉಚ್ಚಾಧಿಕಾರದಲ್ಲಿದ್ದು, ಮುಂದೆ ಸರ್ ಎಂಬ ಬಿರುದನ್ನೂ ಪಡೆದವರನ್ನು ದೇಶಸೇವಕರ ಪಂಕ್ತಿಯಲ್ಲಿ ಕೂಡಿಸಬಹುದೇ? ಆಕ್ಷೇಪವು ನ್ಯಾಯವಾದುದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರ ಜೀವನವನ್ನು ವಾಚಕರ ಮುಂದಿಡುತ್ತೇವೆ.

ನರಸಿಂಗರಾಯರು ಜನಿಸಿದುದು 1887ನೆಯ ಇಸವಿ ಫೆಬ್ರುವರಿ 26ರಂದು. ತಂದೆ ಬೆನಗಲ್ ರಾಘವೇಂದ್ರರಾಯರು ಪ್ರಸಿದ್ಧ ವೈದ್ಯರು. ಮನೆತನವು ದಕ್ಷಿಣ ಕನ್ನಡದ್ದು, ಸಾರಸ್ವತ ಕುಲ. ಅವರ ಸಮಾಜದ ಗುರುಪೀಠವಾದ ಚಿತ್ರಾಪುರ ಮಠವು ನಮ್ಮ ಜಿಲ್ಲೆಯ ಶಿರಾಲಿಯಲ್ಲಿಯೇ ಇದೆ. ಉತ್ತರ, ದಕ್ಷಿಣ ಎಂದು ನಾವು ಇಂದು ಹೇಳುವ ಎರಡು ಜಿಲ್ಲೆಗಳು ಹಿಂದೆ ಒಂದೇ ಕೆನರಾ ಜಿಲ್ಲೆಯಾಗಿದ್ದವು. 1862ರಲ್ಲಿ ಉತ್ತರ ಭಾಗವು ಮುಂಬಯಿ ಇಲಾಖೆಗೆ ಸೇರಿತು, ದಕ್ಷಿಣ ಭಾಗವು ಮದ್ರಾಸು ಇಲಾಖೆಯಲ್ಲಿ ಉಳಿಯಿತು. 1956ರ ನವೆಂಬರ್ 1ರವರೆಗೆ ಒಂದೇ ಕರಾವಳಿಯ ಮಕ್ಕಳು ಎರಡು ರಾಜಧಾನಿಗಳ ಕಡೆಗೆ ಮುಖ ಮಾಡಿ ಬೆಳೆದರು. ನಮ್ಮವರು ವಿದ್ಯೆಗೆಂದು ಧಾರವಾಡ, ಪುಣೆ, ಮುಂಬಯಿಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಮದ್ರಾಸಿಗೆ ಹೋದರು. ನರಸಿಂಗರಾಯರ ಹೆಸರು ಘಟ್ಟದ ಮೇಲೆ ಕಡಿಮೆ ಕೇಳಿಬಂದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಮನೆಯಲ್ಲಿ ಸಹೋದರರೆಲ್ಲರೂ ಮೇಧಾವಿಗಳು. ಹಿರಿಯರಾದ ಸಂಜೀವರಾಯರು ಶಿಕ್ಷಣಕ್ಕೆ ತಮ್ಮನ್ನು ಅರ್ಪಿಸಿಕೊಂಡು ಕಾಶಿಯಲ್ಲಿ ಅಧ್ಯಾಪನ ಮಾಡಿದರು. ನರಸಿಂಗರಾಯರಿಗಿಂತ ಕಿರಿಯರಾದ ರಾಮರಾಯರೂ ಐ.ಸಿ.ಎಸ್. ಸೇರಿ, ಅಮೇರಿಕೆಯಲ್ಲಿಯೂ ಜಪಾನಿನಲ್ಲಿಯೂ ಭಾರತದ ಪ್ರತಿನಿಧಿಗಳಾಗಿದ್ದು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ಇನ್ನೂ ಕಿರಿಯರಾದ ಶಿವರಾಯರು ಆನಿ ಬೆಸಂಟರ ಪತ್ರಿಕೆಯಲ್ಲಿ ದುಡಿದು, ಮದ್ರಾಸಿನಲ್ಲಿ ಕಾರ್ಮಿಕ ಸಂಘಗಳನ್ನು ಕಟ್ಟಿ, ದಿಲ್ಲಿಯಲ್ಲಿ ಹಿಂದೂ ಪತ್ರಿಕೆಯ ಬಾತ್ಮೀದಾರರಾಗಿ ಹೆಸರುವಾಸಿಯಾದರು. ಸರಕಾರ, ಪತ್ರಿಕೆ, ವಿದ್ಯಾಪೀಠ, ರಾಯಭಾರ ಈ ನಾಲ್ಕು ಕ್ಷೇತ್ರಗಳನ್ನೂ ಒಂದೇ ತಾಯಿಯ ಮಕ್ಕಳು ಹಂಚಿಕೊಂಡ ಉದಾಹರಣೆಗಳು ನಮ್ಮ ದೇಶದಲ್ಲಿ ವಿರಳ.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗರಾಯರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಸಮಸ್ತ ಮದ್ರಾಸು ಇಲಾಖೆಗೇ ಮೊದಲಿಗರಾದರು. ಮದ್ರಾಸು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷು, ಭೌತಶಾಸ್ತ್ರ, ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ವರ್ಗ, ಅನಂತರ ಗಣಿತದಲ್ಲಿಯೂ ಪ್ರಥಮ ವರ್ಗ. ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ತೆರಳಿ, 1909ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಒಂಬತ್ತನೆಯ ಸ್ಥಾನವನ್ನು ಗಳಿಸಿದರು. ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ ನೆಹರೂ ಎಂಬ ಇನ್ನೊಬ್ಬ ಭಾರತೀಯ ತರುಣರೂ ಓದುತ್ತಿದ್ದರು. ಒಬ್ಬರ ದಾರಿಯು ಸೆರೆಮನೆಯ ಕಡೆಗೂ ಇನ್ನೊಬ್ಬರ ದಾರಿಯು ಸರಕಾರದ ಕಚೇರಿಯ ಕಡೆಗೂ ತಿರುಗಿದವು. ಆ ಎರಡು ದಾರಿಗಳು ಕೂಡಲು ಮೂವತ್ತೇಳು ವರ್ಷಗಳು ಹಿಡಿದವು.

ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1910ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಬಂಗಾಲ ಪ್ರಾಂತದಲ್ಲಿ ನೇಮಕವಾಯಿತು. ಬಹು ಬೇಗನೆ ಅವರು ಕಂದಾಯದ ಅಧಿಕಾರವನ್ನು ಬಿಟ್ಟು ನ್ಯಾಯಾಂಗದ ಕಡೆಗೆ ಹೊರಳಿದರು. ಪೂರ್ವ ಬಂಗಾಲದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾದರು. 1925ರ ಸುಮಾರಿಗೆ ಅಸ್ಸಾಮ ಪ್ರಾಂತದ ಸರಕಾರವು ಅವರನ್ನು ಬರಮಾಡಿಕೊಂಡು ಕಾಯಿದೆ ಇಲಾಖೆಯ ಮತ್ತು ಶಾಸನಸಭೆಯ ಕಾರ್ಯದರ್ಶಿ ಪದಗಳೆರಡನ್ನೂ ಒಪ್ಪಿಸಿತು. ಬಡ ಪ್ರಾಂತವಾದ ಅಸ್ಸಾಮಕ್ಕೆ ಹೆಚ್ಚಿನ ಹಣ ಸಲ್ಲಬೇಕೆಂಬ ವಾದವನ್ನು ಅವರು ಅಂಕೆಸಂಖ್ಯೆಗಳ ಸಮೇತ ಸಿದ್ಧಪಡಿಸಿ, 1933ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಸಂಯುಕ್ತ ಸಮಿತಿಯೆದುರು ಮಂಡಿಸಿದರು. ಕಾಯಿದೆಯ ವಾಕ್ಯವೊಂದರಲ್ಲಿ ಯಾರ ಹಿತ ಅಡಗಿದೆ, ಯಾರ ಅಹಿತ ಅಡಗಿದೆ ಎಂಬುದನ್ನು ಗಣಿತಜ್ಞನ ಕಣ್ಣಿನಿಂದ ನೋಡುವ ಅಭ್ಯಾಸವು ಅವರಿಗೆ ಇಲ್ಲಿ ಬಲಿಯಿತು.

ಈಗ ಆಕ್ಷೇಪದ ಕಾಲಕ್ಕೆ ಬರೋಣ. 1930ರಿಂದ ಮುಂದಿನ ವರ್ಷಗಳಲ್ಲಿ ಸಿದ್ದಾಪುರ, ಶಿರಸಿ, ಅಂಕೋಲೆಗಳ ರೈತರು ಕರ ಕೊಡುವುದಿಲ್ಲವೆಂದು ಎದ್ದು ನಿಂತರು. ಅವರ ಭೂಮಿಗಳು ಮುಟ್ಟುಗೋಲಾದವು, ಪಾತ್ರೆಪಗಡಗಳು ಹರಾಜಾದವು, ಗಂಡಸರು ಸೆರೆಮನೆ ಸೇರಿದರು. ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳೇ ಸತ್ಯಾಗ್ರಹಕ್ಕೆ ಕುಳಿತರು. ಆ ದಿನಗಳಲ್ಲಿ ನರಸಿಂಗರಾಯರು ಸರಕಾರದ ಲೇಖನಿಯನ್ನೇ ಹಿಡಿದಿದ್ದರು. ಅವರು ರಾಜೀನಾಮೆ ಕೊಟ್ಟು ಹೊರಬರಲಿಲ್ಲ, ಸೆರೆಮನೆಗೆ ಹೋಗಲಿಲ್ಲ. ಇದನ್ನು ಮರೆಮಾಚಿ ಅವರನ್ನು ಹೊಗಳುವುದು ನಮ್ಮ ಹಿರಿಯರಿಗೆ ಮಾಡುವ ಅನ್ಯಾಯವಾದೀತು.

ಆದರೆ ಮುಂದಿನ ಸಂಗತಿಯನ್ನೂ ನೋಡಬೇಕು. 1935ರ ಭಾರತ ಸರಕಾರದ ಕಾಯಿದೆಯು ಬಂದ ಮೇಲೆ ದೇಶದ ಹಳೆಯ ಕಾನೂನುಗಳೆಲ್ಲವನ್ನೂ ಅದಕ್ಕೆ ಹೊಂದುವಂತೆ ತಿದ್ದಬೇಕಾಯಿತು. ಆ ಕಾರ್ಯವನ್ನು ನರಸಿಂಗರಾಯರಿಗೆ ವಹಿಸಲಾಗಿ, ಅವರು ಒಂದೂವರೆ ವರ್ಷದಷ್ಟು ಅಲ್ಪಾವಧಿಯಲ್ಲಿ ಮುಗಿಸಿಕೊಟ್ಟರು. 1938ರಲ್ಲಿ ಬಂದ ಸರ್ ಪದವಿಯು ಆ ದುಡಿಮೆಯ ಮೇಲಿನದು. ಅದೇ ಕಾಯಿದೆಯ ಮೇರೆಗೆ 1937ರಲ್ಲಿ ಚುನಾವಣೆಗಳು ನಡೆದು, ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಮಂತ್ರಿಮಂಡಲವು ಬಂದಿತು. ಮುಟ್ಟುಗೋಲಾದ ಜಮೀನುಗಳನ್ನು ಮೊದಲಿನ ಒಡೆಯರಿಗೆ ಹಿಂದಿರುಗಿಸುವ ಕಾನೂನನ್ನು ಅದು ಮಾಡಿತು. ಆ ಕಾಯಿದೆಯನ್ನು ಕಾಂಗ್ರೆಸ್ಸು ಖಂಡಿಸಿತ್ತೆಂಬುದೂ ನಿಜ; ನಮ್ಮ ತೋಟಗಳು ಅದರ ಬಾಗಿಲಿನಿಂದಲೇ ಮನೆಗೆ ಮರಳಿದುವೆಂಬುದೂ ನಿಜ. ಜನರ ತ್ಯಾಗವಿಲ್ಲದೆ ಭೂಮಿ ಬರುತ್ತಿರಲಿಲ್ಲ. ಆದರೂ ತ್ಯಾಗದ ಫಲವು ನಿಲ್ಲಬೇಕಾದರೆ ಕಾಗದದ ಮೇಲೆ ಕಾನೂನಾಗಿಯೇ ಇಳಿಯಬೇಕಾಯಿತು.

ಅನಂತರ ಅವರು ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಆದರೆ ಸರಕಾರವು ಅವರನ್ನು ಪೀಠದಲ್ಲಿ ಕೂಡಗೊಡಲಿಲ್ಲ. 1941ರಲ್ಲಿ ಎರಡು ಮಹತ್ವದ ಕಾರ್ಯಗಳು ಬಂದೊದಗಿದವು. ಮೊದಲನೆಯದು ಸಿಂಧೂ ನದಿಯ ನೀರು. ಪಂಜಾಬವು ಮೇಲುಗಡೆ ಭಾಕ್ರಾ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಬತ್ತುವುವೆಂದು ಸಿಂಧ ಪ್ರಾಂತವು ದೂರಿತ್ತು. ನರಸಿಂಗರಾಯರ ಅಧ್ಯಕ್ಷತೆಯ ಆಯೋಗವು ವಿಚಾರಿಸಿ 1942ರಲ್ಲಿ ವರದಿಯನ್ನೊಪ್ಪಿಸಿತು. ಮೇಲಿನವನು ತನ್ನ ನೆಲದಲ್ಲಿ ಹರಿಯುವುದೆಂದು ನೀರನ್ನೆಲ್ಲ ಹಿಡಿದಿಡುವಂತಿಲ್ಲ. ಕೆಳಗಿನವನು ಹಿಂದಿನಿಂದ ಬಂದುದೆಂದು ಒಂದು ಹನಿಯನ್ನೂ ಬಿಡದಿರುವಂತಿಲ್ಲ. ಇಡೀ ನದಿಯನ್ನು ಒಂದೆಂದು ಭಾವಿಸಿ ನ್ಯಾಯವಾಗಿ ಹಂಚಬೇಕು ಎಂಬುದು ಅವರ ತತ್ತ್ವ. ಒಂದೇ ಹಳ್ಳದ ನೀರನ್ನು ಸರದಿಯಂತೆ ತೋಟಗಳಿಗೆ ತಿರುಗಿಸಿಕೊಳ್ಳುವ ನಮ್ಮ ರೈತರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಮುಂದಿನ ನದೀವಿವಾದಗಳಲ್ಲೆಲ್ಲ ಈ ವರದಿಯ ಹೆಸರು ಬಂದೇ ಬರುತ್ತದೆ.

ಎರಡನೆಯದು ಹಿಂದೂ ಕಾನೂನು. ವಿಧವೆಗೂ ಮಗಳಿಗೂ ಆಸ್ತಿಯಲ್ಲಿ ಸಲ್ಲತಕ್ಕ ಹಕ್ಕೇನು, ಏಕಪತ್ನೀವ್ರತವನ್ನು ಕಾನೂನು ಮಾಡಬಹುದೇ, ವಿವಾಹವಿಚ್ಛೇದನಕ್ಕೆ ಎಡೆಯುಂಟೇ ಎಂಬ ಪ್ರಶ್ನೆಗಳನ್ನು ವಿಚಾರಿಸುವ ಸಮಿತಿಗೆ ಅವರೇ ಅಧ್ಯಕ್ಷರು. 1944ರಲ್ಲಿ ಪುನಃ ನೇಮಕವಾದ ಸಮಿತಿಯು ಊರೂರು ಸುತ್ತಿ ಪಂಡಿತರ, ವಕೀಲರ, ಸ್ತ್ರೀಯರ ಸಾಕ್ಷ್ಯಗಳನ್ನು ಕೇಳಿತು. ಸನಾತನಿಗಳ ಪ್ರತಿಭಟನೆಯೂ ಆಯಿತು. ಸಮಿತಿಯೊಳಗೇ ಭಿನ್ನಮತವೂ ಬಂತು. ಸಂಸ್ಕೃತದಲ್ಲಿ ಪ್ರಥಮ ವರ್ಗ ಪಡೆದಿದ್ದ ನರಸಿಂಗರಾಯರು ಸ್ಮೃತಿಗಳನ್ನು ತಳ್ಳಿಹಾಕಲಿಲ್ಲ. ಕಾಲಕ್ಕೆ ತಕ್ಕಂತೆ ಆಚಾರವು ಬದಲಾದುದನ್ನು ತೋರಿಸಿದರು. 1955ರ ವಿವಾಹ ಕಾಯಿದೆಗೂ 1956ರ ಉತ್ತರಾಧಿಕಾರ ಕಾಯಿದೆಗೂ ಆ ಸಮಿತಿಯ ಕರಡೇ ಬೀಜವಾಯಿತು.

1944ರಲ್ಲಿ ನೌಕರಿಯಿಂದ ನಿವೃತ್ತರಾದೊಡನೆ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿ ಪದವು ಅವರನ್ನು ಅರಸಿ ಬಂತು. ಒಂದೂವರೆ ವರ್ಷ ತುಂಬುವುದರೊಳಗೆ, 1945ರ ಜೂನಿನಲ್ಲಿ, ಅದನ್ನು ಬಿಟ್ಟುಕೊಟ್ಟರು. ಸಂಸ್ಥಾನದ ಒಳಗಿನ ಮತ್ತು ಹೊರಗಿನ ನೀತಿಯ ಮೂಲ ವಿಷಯಗಳಲ್ಲಿ ಮಹಾರಾಜರಿಗೂ ತಮಗೂ ಮತ ಹೊಂದುವುದಿಲ್ಲವೆಂದು ಕಂಡಾಗ ಪದವಿಗೆ ಅಂಟಿಕೊಂಡಿರುವುದು ಅವರಿಗೆ ಒಗ್ಗಲಿಲ್ಲ. ಪರರ ಮಾತನ್ನು ಬರೆದುಕೊಡುವವನಿಗೂ ಬರೆಯಲೊಲ್ಲೆನೆಂದು ಹೇಳುವ ಒಂದು ಗಳಿಗೆಯಿರುತ್ತದೆಂಬುದಕ್ಕೆ ಇದು ನಿದರ್ಶನ.

1946ರ ಜುಲೈಯಲ್ಲಿ ಅವರು ಘಟನಾಸಭೆಯ ಕಾಯಿದೆ ಸಲಹೆಗಾರರಾದರು. ವೇತನವನ್ನು ಮುಟ್ಟಲಿಲ್ಲ, ಗೌರವಸೇವೆಯೆಂದೇ ದುಡಿದರು. ಸಭೆಯು 1946ರ ಡಿಸೆಂಬರ್ 9ರಂದು ಕೂಡಿತು. ಸದಸ್ಯರಲ್ಲಿ ಬಹುಮಂದಿ ಸೆರೆಮನೆಯಿಂದ ಬಂದ ಧೀರರು. ಆದರೆ ಕೆನಡಾದ ಸಂಯುಕ್ತ ರಾಜ್ಯದ ಕಟ್ಟಡವೇನು, ಐರ್ಲೆಂಡಿನ ರಾಜ್ಯಘಟನೆಯ ತತ್ತ್ವವೇನು ಎಂದು ತಿಳಿಯಲು ಅವರಿಗೆ ಹಿಂದೆ ಬಿಡುವೆಲ್ಲಿತ್ತು? ನರಸಿಂಗರಾಯರು ಜಗತ್ತಿನ ರಾಜ್ಯಘಟನೆಗಳ ಪೂರ್ವದೃಷ್ಟಾಂತಗಳನ್ನು ಮೂರು ಸಂಪುಟಗಳಲ್ಲಿ ಒದಗಿಸಿದರು. 1947ರ ಮಾರ್ಚಿಯಲ್ಲಿ ಪ್ರಶ್ನಾವಳಿಯೊಂದನ್ನು ಹಂಚಿ, ಅಧ್ಯಕ್ಷನಿರಬೇಕೇ, ಅವನನ್ನು ಯಾರು ಆರಿಸಬೇಕು, ಮಂತ್ರಿಮಂಡಲವು ಯಾರಿಗೆ ಉತ್ತರವಾದಿ ಎಂದು ಒಂದೊಂದನ್ನೂ ಬಿಡಿಸಿ ಕೇಳಿದರು. ಸಮಿತಿಗಳ ನಿರ್ಣಯಗಳನ್ನು ಆಧರಿಸಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳಿದ್ದವು. ಡಾಕ್ಟರ್ ಅಂಬೇಡಕರರ ಕರಡು ಸಮಿತಿಯು ಅದನ್ನು ಪರಿಷ್ಕರಿಸಿ 315 ವಿಧಿಗಳ ಕರಡನ್ನು ಸಭೆಯ ಮುಂದಿಟ್ಟಿತು. ಕೊನೆಗೆ ಅಂಗೀಕೃತವಾದುದು 395 ವಿಧಿಗಳ ರಾಜ್ಯಘಟನೆ.

ಈ ಸಂಖ್ಯೆಗಳನ್ನು ಹಿಡಿದು, ರಾಜ್ಯಘಟನೆಯನ್ನು ಬರೆದವರು ಅಂಬೇಡಕರರಲ್ಲ, ನರಸಿಂಗರಾಯರೇ ಎಂದು ವಾದಿಸುವವರುಂಟು. ಈ ವಾದವು ಇಬ್ಬರಿಗೂ ಅಪಚಾರ. ನರಸಿಂಗರಾಯರು ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ. ನಿರ್ಣಯಿಸುವ ಭಾರವನ್ನೂ, ಪ್ರತಿಯೊಂದು ವಿಧಿಯನ್ನು ತುಂಬಿದ ಸಭೆಯಲ್ಲಿ ಸಮರ್ಥಿಸುವ ಭಾರವನ್ನೂ ಹೊತ್ತವರು ಅಂಬೇಡಕರರು. 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಅವರು ಕೀರ್ತಿಯ ಒಂದು ಪಾಲು ನರಸಿಂಗರಾಯರಿಗೆ ಸಲ್ಲತಕ್ಕದ್ದೆಂದು ತಾವಾಗಿಯೇ ಒಪ್ಪಿಕೊಂಡರು. ಮುಖ್ಯ ಬರಹಗಾರರಾದ ಎಸ್. ಎನ್. ಮುಖರ್ಜಿಯವರನ್ನೂ ನೆನೆದರು. ದೊಡ್ಡವರು ತಾವೇ ಹಂಚಿಕೊಂಡ ಕೀರ್ತಿಯನ್ನು ನಾವು ಜಗಳವಾಡಿ ಮರುಹಂಚಿಕೆ ಮಾಡಬೇಕಾಗಿಲ್ಲ.

ಅವರ ಸಲಹೆಗಳೆಲ್ಲ ನಿರ್ದುಷ್ಟವಾಗಿದ್ದುವೆಂದೂ ಹೇಳಲಾರೆವು. 1947ರ ಕೊನೆಯಲ್ಲಿ ಅವರು ಅಮೇರಿಕೆ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಕಾಯಿದೆ ಪಂಡಿತರನ್ನು ಕಂಡರು. ಪ್ರಜೆಯ ಪ್ರಾಣಸ್ವಾತಂತ್ರ್ಯಗಳನ್ನು ನ್ಯಾಯೋಚಿತ ಕ್ರಮವಿಲ್ಲದೆ ಕಸಿಯಲಾಗದೆಂಬ ಅರ್ಥದ ಅಮೇರಿಕದ ನುಡಿಯು ಆಗ ನಮ್ಮ ಮೂಲ ಪಾಠದಲ್ಲಿತ್ತು. ಜನರು ಆರಿಸಿದ ಶಾಸನಸಭೆಯ ಕೈಯನ್ನು ನ್ಯಾಯಾಧೀಶರು ಕಟ್ಟಿಹಾಕಲು ಅದು ಸಾಧನವಾಗುವುದೆಂದು ಅಲ್ಲಿಯ ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿ ಫ್ರ್ಯಾಂಕ್‌ಫರ್ಟರರು ಅಭಿಪ್ರಾಯಪಟ್ಟರು. ಒಕ್ಕಲುಗಳ ಹಿತದ ಕಾನೂನುಗಳಿಗೆ ಕೋರ್ಟುಗಳು ಅಡ್ಡಬರಬಾರದೆಂಬ ಚಿಂತೆ ನರಸಿಂಗರಾಯರಲ್ಲಿಯೂ ಇತ್ತು. ಕರಡು ಸಮಿತಿಯು ಆ ನುಡಿಯನ್ನು ತೆಗೆದು, ಕಾನೂನಿನಿಂದ ಸ್ಥಾಪಿತವಾದ ಕ್ರಮವೆಂಬ ನುಡಿಯನ್ನು ಸೇರಿಸಿತು. ಅಂತಹ ನುಡಿಯು 1946ರ ಜಪಾನಿನ ರಾಜ್ಯಘಟನೆಯಲ್ಲಿತ್ತು.

ಇದರ ಫಲವೇನಾಯಿತು? ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟುದನ್ನು ಪ್ರಶ್ನಿಸಿದ ಎ. ಕೆ. ಗೋಪಾಲನ್ನರ ಮೊಕದ್ದಮೆಯಲ್ಲಿ 1950ರಲ್ಲಿ ಸುಪ್ರೀಮ್ ಕೋರ್ಟು, ಕಾನೂನೊಂದಿದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು ತಾನು ತೂಗಲಾರೆನೆಂದು ತೀರ್ಪಿತ್ತಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನರು ಸೆರೆಯಾದಾಗ ಪ್ರಜೆಗೆ ಕೋರ್ಟಿನ ಆಸರೆ ಸಿಕ್ಕಲಿಲ್ಲ. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಮಾತ್ರ, ಕ್ರಮವೆಂದರೆ ನ್ಯಾಯವಾದ ಕ್ರಮವೇ ಆಗಿರಬೇಕೆಂದು ಕೋರ್ಟು ಹೇಳಿತು. ಬರೆಯುವಾಗ ಬಿಟ್ಟ ಒಂದು ಮಾತನ್ನು ಮರಳಿ ತರಲು ದೇಶಕ್ಕೆ ಮೂವತ್ತು ವರ್ಷಗಳು ಬೇಕಾದವು. ಉದ್ದೇಶವು ಬಡವರ ಹಿತವಾಗಿತ್ತು. ಆದರೆ ಬಲಿಷ್ಠ ಸರಕಾರವನ್ನು ನಂಬಿ ಪ್ರಜೆಯ ಕವಚವನ್ನು ತೆಳುವಾಗಿಸಿದ ದೋಷವು ಉಳಿಯಿತು. ಸೆರೆಮನೆಯನ್ನು ಕಂಡವರ ಅನುಭವವು ಅವರಿಗಿದ್ದಿದ್ದರೆ ಆ ಮಾತನ್ನು ಬಿಡುತ್ತಿದ್ದರೋ ಇಲ್ಲವೋ ಎಂಬ ಸಂಶಯವು ನಮಗೆ ಉಂಟು. ಸ್ವಾತಂತ್ರ್ಯವನ್ನು ಬರೆಯುವವನಿಗೂ ಅದಕ್ಕಾಗಿ ನೊಂದವನಿಗೂ ನಡುವಿರುವ ಅಂತರವು ಇಲ್ಲಿ ಕಾಣುತ್ತದೆ.

ನೆರೆಯ ಬ್ರಹ್ಮದೇಶವೂ ಅವರ ನೆರವನ್ನು ಬೇಡಿತು. 1947ರಲ್ಲಿ ಅಲ್ಲಿಯ ಸಲಹೆಗಾರರಾದ ಉ ಚಾನ್ ಟೂನರು ದಿಲ್ಲಿಗೆ ಬಂದು ಅವರೊಡನೆ ಕುಳಿತು ತಮ್ಮ ದೇಶದ ರಾಜ್ಯಘಟನೆಯ ಕರಡನ್ನು ರೂಪಿಸಿದರು.

ಮೊದಲ ಕರಡು ಕೈಬಿಟ್ಟ ಮೇಲೆ ನರಸಿಂಗರಾಯರು ರಾಜಕಾರಣದ ವಿಶಾಲ ರಂಗಕ್ಕೆ ಕಾಲಿಟ್ಟರು. 1948ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಸಂಯುಕ್ತ ರಾಷ್ಟ್ರಸಂಘದ ಅಧಿವೇಶನಕ್ಕೆ ಹೋದವರು ಬಳಿಕ ಅಲ್ಲಿ ಭಾರತದ ಕಾಯಂ ಪ್ರತಿನಿಧಿಗಳಾದರು. ತಾವು ಹಿಂದೆ ಪ್ರಧಾನಮಂತ್ರಿಯಾಗಿದ್ದ ಕಾಶ್ಮೀರದ ಪರವಾಗಿ ಭದ್ರತಾ ಸಮಿತಿಯೆದುರು ಭಾರತದ ಪಕ್ಷವನ್ನು ಅವರು ಮಂಡಿಸಬೇಕಾಯಿತು. 1950 ಮತ್ತು 51ರಲ್ಲಿ ಭಾರತವು ಆ ಸಮಿತಿಯ ಸದಸ್ಯರಾಷ್ಟ್ರವಾಗಿತ್ತು. ಸರದಿಯಂತೆ 1950ರ ಜೂನ್ ತಿಂಗಳ ಅಧ್ಯಕ್ಷಪದವು ನಮ್ಮದಾಯಿತು. ಅದೇ ಜೂನ್ 25ರಂದು ಉತ್ತರ ಕೊರಿಯದ ಸೈನ್ಯವು ದಕ್ಷಿಣಕ್ಕೆ ನುಗ್ಗಿತು.

ರಷ್ಯವು ಸಮಿತಿಯನ್ನು ಬಹಿಷ್ಕರಿಸಿತ್ತು. ಅಮೇರಿಕೆಯು ತ್ವರೆ ಮಾಡುತ್ತಿತ್ತು. ಯುದ್ಧವನ್ನು ನಿಲ್ಲಿಸಿ ಸೈನ್ಯವನ್ನು ಹಿಂತೆಗೆಯಬೇಕೆಂಬ ಮೊದಲನೆಯ ಠರಾವಿಗೆ ನರಸಿಂಗರಾಯರು ಮತವಿತ್ತರು. ದಕ್ಷಿಣ ಕೊರಿಯಕ್ಕೆ ಸಹಾಯ ಕಳಿಸಬೇಕೆಂಬ ಜೂನ್ 27ರ ಠರಾವು ಬಂದಾಗ ದಿಲ್ಲಿಯಿಂದ ಅಪ್ಪಣೆ ತಲುಪಿರಲಿಲ್ಲ. ಅವರು ಮತ ಕೊಡಲಿಲ್ಲ. ತಮ್ಮ ಮನಸ್ಸಿಗೆ ತೋರಿದುದನ್ನು ದೇಶದ ಮಾತೆಂದು ಹೇಳಲಿಲ್ಲ. ಎರಡು ದಿನಗಳ ಮೇಲೆ ಭಾರತವು ಆ ಠರಾವನ್ನು ಒಪ್ಪಿತು. ಆದರೆ ಭಾರತವು ಅಲ್ಲಿಗೆ ಕಳಿಸಿದುದು ವೈದ್ಯಕೀಯ ದಳವನ್ನು ಮಾತ್ರ. ಡಿಸೆಂಬರಿನಲ್ಲಿ ಚೀನದ ಸೈನ್ಯವೂ ಯುದ್ಧದಲ್ಲಿದ್ದಾಗ ಕದನವಿರಾಮಕ್ಕೆ ದಾರಿ ಹುಡುಕಲು ಮೂವರ ಮಂಡಲವು ನೇಮಕವಾಯಿತು: ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ನಮ್ಮ ನರಸಿಂಗರಾಯರು. ನ್ಯೂಯಾರ್ಕಿಗೆ ಬಂದಿದ್ದ ಚೀನದ ಪ್ರತಿನಿಧಿಯೊಡನೆ ಅವರು ಮಾತುಕತೆ ನಡೆಯಿಸಿದರು. ಪ್ರಯತ್ನವು ಫಲಿಸಲಿಲ್ಲ. 1951ರ ಫೆಬ್ರುವರಿ 1ರಂದು ಚೀನವನ್ನು ಆಕ್ರಮಣಕಾರಿಯೆಂದು ಸಾರುವ ಠರಾವು ಬಂದಾಗ, ಅದು ಸಂಧಿಯ ಬಾಗಿಲನ್ನು ಮುಚ್ಚುವುದೆಂದು ಭಾರತವು ವಿರೋಧವಾಗಿ ಮತ ಕೊಟ್ಟಿತು. ರಷ್ಯದ ಬಣವನ್ನು ಬಿಟ್ಟರೆ ಭಾರತದ ಜೊತೆಗೆ ನಿಂತುದು ಬ್ರಹ್ಮದೇಶವೊಂದೇ. ಅಂದು ಅಮೇರಿಕೆಯವರು ಕೋಪಿಸಿಕೊಂಡರು. 1953ರ ಜುಲೈ 27ರಂದು ಕದನವಿರಾಮವು ಆದಾಗ, ಯುದ್ಧಕೈದಿಗಳ ಬಿಡುಗಡೆಯ ತಟಸ್ಥ ಆಯೋಗಕ್ಕೆ ಅಧ್ಯಕ್ಷತೆಯನ್ನು ಎರಡೂ ಪಕ್ಷದವರು ಒಪ್ಪಿಸಿದುದು ಭಾರತಕ್ಕೇ.

1952ರ ಫೆಬ್ರುವರಿಯಲ್ಲಿ ನರಸಿಂಗರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಹದಿನೈದು ನ್ಯಾಯಾಧೀಶರಲ್ಲಿ ಒಬ್ಬರಾದರು; ಆ ಪೀಠಕ್ಕೆ ಆರಿಸಿ ಬಂದ ಮೊದಲ ಭಾರತೀಯರು ಅವರೇ. ಒಂಬತ್ತು ವರ್ಷಗಳ ಅವಧಿಯಲ್ಲಿ ಎರಡು ವರ್ಷಗಳೂ ತುಂಬಲಿಲ್ಲ. ಕಾಯಿಲೆ ಬಿದ್ದು 1953ರ ನವೆಂಬರ್ 30ರಂದು ಸ್ವಿಜರ್ಲೆಂಡಿನ ಜೂರಿಕ್ ನಗರದಲ್ಲಿ ದೇಹವನ್ನಿಟ್ಟರು. ಅವರಿಗಾಗ ಅರುವತ್ತಾರು ವರ್ಷ.

ಅವರ ಟಿಪ್ಪಣಿಗಳನ್ನು ಕೂಡಿಸಿ 1960ರಲ್ಲಿ ಗ್ರಂಥವಾಗಿ ಹೊರತಂದವರು ತಮ್ಮ ಶಿವರಾಯರು. ಪತ್ರಿಕೋದ್ಯೋಗಿಯೂ, ಘಟನಾಸಭೆಯ ಸದಸ್ಯರೂ, 1952ರಿಂದ ದಕ್ಷಿಣ ಕನ್ನಡದ ಲೋಕಸಭಾ ಪ್ರತಿನಿಧಿಯೂ ಆಗಿದ್ದ ಅವರು, ರಾಜ್ಯಘಟನೆಯ ನಿರ್ಮಾಣದ ಕಾಗದಪತ್ರಗಳನ್ನೆಲ್ಲ ಅನೇಕ ಸಂಪುಟಗಳಲ್ಲಿ ಪ್ರಕಟಿಸಿ 1975ರಲ್ಲಿ ತೀರಿಕೊಂಡರು. ಅಣ್ಣನು ತನ್ನ ಹೆಸರನ್ನು ಹೇಳಿಕೊಳ್ಳದೆ ಬರೆದುದನ್ನು ತಮ್ಮನು ನಾಡಿಗೆ ತೋರಿಸಿಕೊಟ್ಟನು.

ಈಗ ಮೊದಲಿನ ಆಕ್ಷೇಪಕ್ಕೆ ಉತ್ತರ. ಮಾವಿನಗುಂಡಿಯಲ್ಲಿ ಕುಳಿತ ತಾಯಂದಿರ ಸರಿಸಮನಾಗಿ ನರಸಿಂಗರಾಯರನ್ನು ಕೂಡಿಸಬೇಕೆಂದು ನಾವು ಹೇಳುವುದಿಲ್ಲ. ಅವರು ಸಹ ಹಾಗೆ ಕೇಳುತ್ತಿರಲಿಲ್ಲ. ತೋಟವನ್ನು ಉಳಿಸಿಕೊಂಡವರು ಆ ತಾಯಂದಿರು. ಪತ್ರವನ್ನು ಬರೆದುಕೊಟ್ಟವರು ಇವರು. ಒಡೆತನವು ಅವರದು, ಅಕ್ಷರವು ಇವರದು. ಆದರೆ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಚತುಸ್ಸೀಮೆಯನ್ನು ಒಮ್ಮೆಯೂ ಓದದವನ ಬೇಲಿಯನ್ನು ನೆರೆಯವನು ಸರಿಸುವುದು ನಾವು ಕಂಡ ಸಂಗತಿ. ಅವರ ನೆನಪಿಗೆ ನಮ್ಮ ವಾಚಕರು ಮಾಡಬಹುದಾದ ಸತ್ಕಾರವೊಂದುಂಟು: ಆ ಮಹಾಪತ್ರವನ್ನು ಮನೆಗೆ ತಂದು, ಕನ್ನಡದಲ್ಲಿಯೇ, ಮಕ್ಕಳೊಡನೆ ಕುಳಿತು ಒಮ್ಮೆ ಪೂರ್ಣವಾಗಿ ಓದುವುದು.